ಮೂವತ್ತೇಳನೇ ಕಂಬದ ಮೈನಸ್

ಹೊಂಗೇಕೊಪ್ಪಲಿನ ಬೋರಪ್ಪ ಯಾರ ಮಾತನ್ನೂ ಮೊದಲ ಸಲಕ್ಕೇ ನಂಬಿದವನಲ್ಲ. ಬಸ್ಸಿನ ಹಣೆಯ ಮೇಲೆ ಚನ್ನರಾಯಪಟ್ಟಣ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಹತ್ತುವ ಮುಂಚೆ ಕಂಡಕ್ಟರನ್ನು ಕೇಳುತ್ತಿದ್ದ, ಹತ್ತಿ ಕೂತ ಮೇಲೆ ಪಕ್ಕದವರನ್ನು ಇನ್ನೊಮ್ಮೆ ಕೇಳುತ್ತಿದ್ದ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಒಂದು ಅಂಗಡಿಯಲ್ಲಿ ಕೊಂಡು, ಅದು ಯಾವ ಕಾಯಿಲೆಗೆ ಕೊಡುವ ಮಾತ್ರೆ ಎಂದು ಎದುರಿನ ಅಂಗಡಿಯಲ್ಲಿ ವಿಚಾರಿಸುತ್ತಿದ್ದ. “ಸಾರಿಗೆ ಉಪ್ಪು ಆಕಿವ್ನಿ ಅಂದ್ರೂ ನಂಬಾಕಿಲ್ಲ, ನೆಕ್ಕೇ ನೋಡ್ಬೇಕು” ಎಂದು ಹೆಂಡತಿ ಜಯಲಕ್ಷ್ಮಮ್ಮ ನೀರಿನ ಟ್ಯಾಂಕಿನ ಹತ್ತಿರ ಹೇಳಿ ಹೆಂಗಸರನ್ನು ನಗಿಸುತ್ತಿದ್ದಳು.

ಈ ಗುಣವೇ ಅವನಿಗೆ ಕೆಲಸ ಕೊಡಿಸಿತ್ತು. ಹನ್ನೆರಡು ವರ್ಷ ಪಂಚಾಯಿತಿಯ ನೀರು ಬಿಡುವ ಕೆಲಸ ಮಾಡಿಕೊಂಡಿದ್ದವನನ್ನು ಎಣ್ಣೆ ಪೈಪಿನವರು ಕಾವಲಿಗೆ ತೆಗೆದುಕೊಂಡಿದ್ದರು. ಊರಿನ ಹೊಲಗಳ ಅಡಿಯಲ್ಲಿ, ಐದಡಿ ಆಳದಲ್ಲಿ, ಪೆಟ್ರೋಲು ಡೀಸೆಲ್ಲು ಹರಿಯುವ ಉಕ್ಕಿನ ಪೈಪು ಹಾದುಹೋಗಿದೆ. ಮೇಲೆ ನಿಂತು ನೋಡಿದರೆ ರಾಗಿ, ಹುರುಳಿ, ಅಲ್ಲಲ್ಲಿ ತೆಂಗಿನ ಸಸಿ ಬಿಟ್ಟರೆ ಏನೂ ಕಾಣುವುದಿಲ್ಲ. ಕಿಲೋಮೀಟರಿಗೊಂದರಂತೆ ನೆಟ್ಟ ಹಳದಿ ಕಂಬಗಳೇ ಗುರುತು. ಮೂವತ್ತೊಂದನೇ ಕಂಬದಿಂದ ಮೂವತ್ತೊಂಬತ್ತನೇ ಕಂಬದವರೆಗೆ ಬೋರಪ್ಪ ದಿನಾ ನಡೆಯಬೇಕು. ಯಾರಾದರೂ ಗುಂಡಿ ತೆಗೆಯುತ್ತಿದ್ದಾರೆಯೇ, ಹೊಸ ಮಣ್ಣು ಬಿದ್ದಿದೆಯೇ, ಎಲ್ಲಾದರೂ ಎಣ್ಣೆಯ ವಾಸನೆ ಬರುತ್ತಿದೆಯೇ, ನೋಡಬೇಕು. ಪೈಪಿಗೆ ತೂತು ಹಾಕಿ ಎಣ್ಣೆ ಕದಿಯುವವರು ಎಲ್ಲೆಲ್ಲೋ ಇದ್ದಾರೆಂದು ಅವನಿಗೆ ಮೊದಲ ದಿನವೇ ಹೇಳಿದ್ದರು. ಕೆಲಸಕ್ಕೆ ತೆಗೆದುಕೊಂಡ ಆಫೀಸರು, “ಅನುಮಾನ ಪಡೋನೇ ಬೇಕಪ್ಪ ನಮಗೆ” ಎಂದಾಗ ಬೋರಪ್ಪನಿಗೆ ತನ್ನ ಜಾತಕ ಇವರಿಗೆ ಯಾರು ಹೇಳಿದರು ಎಂದು ಅವರ ಮೇಲೇ ಅನುಮಾನ ಬಂದಿತ್ತು.

ಕುತ್ತಿಗೆಗೆ ಕಂಪನಿಯವರು ತಗುಲಿಹಾಕಿದ ಯಂತ್ರ ಅವನು ನಡೆದ ದಾರಿಯನ್ನು ತಾನೇ ಬರೆದುಕೊಳ್ಳುತ್ತಿತ್ತು. ಅದನ್ನೂ ನಂಬದೆ ಬೋರಪ್ಪ ಉದ್ದನೆಯ ನೋಟ್‌ಬುಕ್ಕಿನಲ್ಲಿ ತನ್ನದೇ ಒಂದು ದಿನಚರಿ ಬರೆಯುತ್ತಿದ್ದ. ಯಾರ ಟ್ರ್ಯಾಕ್ಟರ್ ಎಲ್ಲಿ ದಾಟಿತು, ಯಾರು ಹೊಸ ಬೇಲಿ ಹಾಕಿದರು, ಕಂಪನಿಯವರು ಯಾರು ಬಂದರು, ಎಲ್ಲಿಯವರೆಗೆ ಬಂದರು. ಯಾರೂ ಕೇಳದಿದ್ದರೂ ಆರು ವರ್ಷದಿಂದ ಬರೆದಿದ್ದ.

ಕಳೆದ ನವೆಂಬರಿನಲ್ಲಿ, ರಾಗಿ ತೆನೆ ಬಲಿಯುತ್ತಿದ್ದಾಗ, ಹೊಸ ಇಂಜಿನಿಯರ್ ಬಂದಳು. ಹೆಸರು ಪ್ರತಿಭಾ, ಅರಕಲಗೂಡಿನ ಕಡೆಯವಳು, ಇಪ್ಪತ್ತಾರು ವರ್ಷ. ಆರು ತಿಂಗಳಿಗೊಮ್ಮೆ ಕಂಬಗಳ ಹತ್ತಿರ ಏನೋ ಅಳತೆ ತೆಗೆದು ಬರೆಯುವ ಕೆಲಸ ಅಲ್ಲಿಯವರೆಗೆ ಗುತ್ತಿಗೆದಾರರ ಸೂಪರ್‌ವೈಸರ್ ಮೋಹನ್‌ಕುಮಾರನದು. ಹೊಳೆನರಸೀಪುರದಿಂದ ಬೈಕಿನಲ್ಲಿ ಬಂದುಹೋಗುತ್ತಿದ್ದ, ಎಲ್ಲರನ್ನೂ ಅಣ್ಣ ಅಣ್ಣ ಎನ್ನುತ್ತಿದ್ದ ನಲವತ್ತರ ಮನುಷ್ಯ. ಈ ಸಲ ಅಳತೆಯನ್ನು ತಾನೇ ತೆಗೆಯುತ್ತೇನೆ ಎಂದಳು ಪ್ರತಿಭಾ. ಜೊತೆಗೆ ಬೋರಪ್ಪನನ್ನು ಕರೆದುಕೊಂಡಳು.

ಮೂವತ್ತೊಂದನೇ ಕಂಬದ ಮುಚ್ಚಳ ತೆಗೆದಳು. ಒಳಗೆ ಒಂದು ತಂತಿ ಇತ್ತು. ಅದು ಕೆಳಗೆ ಹೋಗಿ ಪೈಪಿಗೇ ಬೆಸೆದುಕೊಂಡಿದೆ ಎಂದಳು. ಬ್ಯಾಗಿನಿಂದ ಅಂಗೈಯುದ್ದದ ಪ್ಲಾಸ್ಟಿಕ್ ಕೊಳವೆ ತೆಗೆದಳು. ಒಳಗೆ ನೀಲಿ ನೀರು, ನೀರಿನಲ್ಲಿ ತಾಮ್ರದ ಕಡ್ಡಿ.

“ಇದು ಮೈಲುತುತ್ತ ಅಲ್ವಾ ಮೇಡಂ? ತ್ವಾಟಕ್ಕೆ ಒಡೆಯೋದು?”

“ಅದೇ. ಇಲ್ಲಿ ಸಿಂಪಡಿಸಲ್ಲ, ಮಣ್ಣಿಗೆ ಮುಟ್ಟಿಸಿ ಇಡ್ತೀವಿ ಅಷ್ಟೇ.”

ಬಾಟಲಿಯ ನೀರು ಹಾಕಿ ಮಣ್ಣು ಒದ್ದೆ ಮಾಡಿ ಕೊಳವೆಯನ್ನು ಊರಿದಳು. ಮೀಟರಿನ ಕೆಂಪು ವೈರು ಕಂಬದ ತಂತಿಗೆ, ಕರಿ ವೈರು ಕೊಳವೆಗೆ. ಮೀಟರಿನ ಗಾಜಿನಲ್ಲಿ ಒಂದು ಅಡ್ಡಗೆರೆ, ಪಕ್ಕದಲ್ಲಿ 1.14 ಎಂದು ಮೂಡಿತು. ಬೋರಪ್ಪ ಬಗ್ಗಿ ನೋಡಿದ.

“ನಿಮ್ಮ ಮೀಟ್ರು ಕೆಟ್ಟೋಗೈತೆ ಮೇಡಂ. ಮೈನಸ್ಸು ತೋರುಸ್ತಾ ಐತೆ.”

“ಮೈನಸ್ಸೇ ತೋರಿಸ್ಬೇಕು ಬೋರಪ್ಪ. ತೋರಿಸದಿದ್ರೆ ಕಷ್ಟ.”

“ಮನೆ ಕರೆಂಟು ಇನ್ನೂರ ಮೂವತ್ತು ಅಂತಾರೆ. ಯಾವ ಲೈನ್‌ಮನ್ನೂ ಮೈನಸ್ ಇನ್ನೂರ ಮೂವತ್ತು ಅಂದಿದ್ದು ನಾ ಕೇಳಿಲ್ಲ.”

“ಅದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡೋ ಕರೆಂಟು. ಇದು ಬ್ಯಾಟರಿ ತರದ್ದು, ಒಂದೇ ದಿಕ್ಕು” ಎಂದು ಹೇಳಿ ಅವಳು ಬರೆದುಕೊಂಡು ಮುಂದೆ ನಡೆದಳು.

ಬೋರಪ್ಪನಿಗೆ ಸಮಾಧಾನವಾಗಲಿಲ್ಲ. ಮೈನಸ್ ಎಂದರೆ ಇಲ್ಲದ್ದಕ್ಕಿಂತ ಕಡಿಮೆ. ಪರೀಕ್ಷೆಯಲ್ಲಿ ಸೊನ್ನೆಗಿಂತ ಕೆಳಗೆ ಅಂಕ ಬರುವುದಿಲ್ಲ, ಬಿಂದಿಗೆಯಲ್ಲಿ ಖಾಲಿಗಿಂತ ಕೆಳಗೆ ನೀರಿರುವುದಿಲ್ಲ. ಕರೆಂಟು ಮಾತ್ರ ಖಾಲಿಗಿಂತ ಖಾಲಿಯಾಗಿರುವುದು ಹೇಗೆ? ಯಾರೋ ಎಳೆದುಕೊಳ್ಳುತ್ತಿರಬೇಕು, ಈ ಹುಡುಗಿ ಅದನ್ನು ಮುಚ್ಚಿಡುತ್ತಿರಬೇಕು ಎಂದುಕೊಂಡ. ಮುಂದಿನ ಐದು ಕಂಬಗಳಲ್ಲೂ ಹಾಗೇ. ಮೈನಸ್ ಒಂದು ಪಾಯಿಂಟ್ ಒಂದು, ಮೈನಸ್ ಒಂದು ಪಾಯಿಂಟ್ ಸೊನ್ನೆ ಎಂಟು.

ಮೂವತ್ತೇಳನೇ ಕಂಬ ರುದ್ರಯ್ಯನವರ ರಾಗಿ ಹೊಲದ ಮೂಲೆಯಲ್ಲಿತ್ತು. ಅಲ್ಲಿ ಮೀಟರು ಮೈನಸ್ 0.62 ತೋರಿಸಿತು.

“ಇಲ್ಲಿ ಪರವಾಗಿಲ್ಲ ಕಣಮ್ಮ, ಮೈನಸ್ಸು ಕಮ್ಮಿ ಆಯ್ತು” ಎಂದ ಬೋರಪ್ಪ.

ಪ್ರತಿಭಾ ಮೀಟರಿನತ್ತ ಬಗ್ಗಿದಳು. ಕ್ಲಿಪ್ಪು ಬಿಚ್ಚಿ ತುದಿಯನ್ನು ಉಜ್ಜಿ ಮತ್ತೆ ಹಾಕಿದಳು. ಇನ್ನೊಂದು ಬಾಟಲಿ ನೀರು ಸುರಿದಳು. 0.61. ಎದ್ದು ನಿಂತು ಸುತ್ತ ನೋಡಿದಳು. ನಲವತ್ತು ಹೆಜ್ಜೆ ಆಚೆ ರುದ್ರಯ್ಯನವರ ಹೊಸ ಶೆಡ್ಡು, ತಗಡಿನ ಬಾಗಿಲು, ಬೀಗ.

“ಇಲ್ಲಿ ಯಾರ್ಯಾರು ಓಡಾಡ್ತಾರೆ ಬೋರಪ್ಪ?”

ಆ ಪ್ರಶ್ನೆಯ ದನಿ ಅವನಿಗೆ ಹಿಡಿಸಲಿಲ್ಲ. ದಿನಾ ಓಡಾಡುವವನು ತಾನೊಬ್ಬನೇ.

ಮಾರನೇ ದಿನ ಬೆಳಗ್ಗೆ ಮೋಹನ್‌ಕುಮಾರ್ ಹುಡುಕಿಕೊಂಡು ಬಂದ. ಬೈಕು ನಿಲ್ಲಿಸಿ, ಹೆಗಲ ಮೇಲೆ ಕೈ ಹಾಕಿ, ಮನೆಯವರ ಕ್ಷೇಮ ವಿಚಾರಿಸಿದ. ಆಮೇಲೆ ಮೆಲ್ಲಗೆ ಹೇಳಿದ. “ಬೋರಣ್ಣ, ಮೂವತ್ತೇಳರತ್ರ ಯಾರಾದ್ರೂ ಅಗೆದಿದ್ದು ಕಂಡ್ಯಾ? ನಿನ್ನ ಬೀಟು ಅದು. ಏನಾದ್ರೂ ಇದ್ರೆ ನಂಗೆ ಮೊದ್ಲು ಹೇಳ್ಬುಡು, ನಾನ್ ನೋಡ್ಕತೀನಿ.”

“ನಂಗೇನ್ ಗೊತ್ತು ಸಾ. ಯಾರೂ ಅಗೆದಿಲ್ಲ.”

“ಅಂಗಾರೆ ಬುಡು. ಆ ಹುಡುಗಿ ಹೊಸಬ್ಳು, ಮೀಟ್ರು ಉಲ್ಟಾ ಇಡ್ದಿರ್ತಾಳೆ. ವೈರು ಅದ್ಲು ಬದ್ಲು ಮಾಡುದ್ರೆ ಪ್ಲಸ್ಸು ಮೈನಸ್ಸಾಯ್ತದೆ, ಮೈನಸ್ಸು ಪ್ಲಸ್ಸಾಯ್ತದೆ. ಅದ್ರಲ್ಲೇನೈತೆ ಮಣ್ಣು.”

ಬೈಕು ಹೊರಟುಹೋದ ಮೇಲೂ ಬೋರಪ್ಪ ಅಲ್ಲೇ ನಿಂತಿದ್ದ. ಒಂದೇ ಉಸಿರಿನಲ್ಲಿ ಇವನು ಎರಡು ಮಾತಾಡಿದ. ಅಗೆದಿದ್ದಾರೆ ಎಂಬ ಅನುಮಾನ ನಿಜವಾದರೆ ಮೀಟರು ಸರಿ. ಮೀಟರು ಉಲ್ಟಾ ಎಂಬುದು ನಿಜವಾದರೆ ಅಗೆಯುವ ಮಾತೇಕೆ? ಯಾವುದು ಸುಳ್ಳು? ಎಲ್ಲ ಸೇರಿ ತನ್ನ ಕುತ್ತಿಗೆಗೆ ತರುತ್ತಿದ್ದಾರೆಯೇ? ಪೈಪಿಗೆ ಯಾರೋ ಕೈ ಹಾಕಿದ್ದಾರೆಂದು ಆದರೆ ಮೊದಲು ಹಿಡಿಯುವುದು ಕಾವಲಿನವನನ್ನೇ.

ಇನ್ನೊಬ್ಬರ ಮೀಟರಿನ ಮೇಲೆ ತನ್ನ ಮಾನ ನಿಲ್ಲಿಸುವುದು ಬೇಡವೆಂದು ಅವನು ಭಾನುವಾರ ಹಾಸನಕ್ಕೆ ಹೋದ. ಸಂತೆಪೇಟೆಯ ಒಂದು ರಿಪೇರಿ ಅಂಗಡಿಯಲ್ಲಿ ಅಂಗೈಯಗಲದ ಹಳದಿ ಮೀಟರು ಕೊಂಡ. ಅಂಗಡಿಯವನು ತಿರುಗಣೆಯನ್ನು ಯಾವ ಗುರುತಿಗೆ ತಿರುಗಿಸಬೇಕು ಎಂದು ತೋರಿಸಿ, “ಮನೆ ಪ್ಲಗ್ಗಿಗೆ ಮಾತ್ರ ತೂರಿಸ್ಬೇಡಿ ಯಜಮಾನ್ರೆ, ಬ್ಯಾಟ್ರಿಲಿ ಕಲ್ತ್ಕಳಿ” ಎಂದ. ಬೋರಪ್ಪ ಹೊರಗೆ ಬಂದು, ಮುಂದಿನ ಅಂಗಡಿಯಲ್ಲೂ ಅದೇ ಮಾತು ಹೇಳುತ್ತಾರೆಯೇ ಎಂದು ಕೇಳಿದ. ಹೇಳಿದರು.

ಸೋಮವಾರ ಬೆಳಗ್ಗೆ ಜಗಲಿಯ ಮೇಲೆ ಬಿಸಿಲಿನಲ್ಲಿ ಕೂತು ಟಾರ್ಚಿನ ಸೆಲ್ಲುಗಳನ್ನು ತೆಗೆದ. ಕೆಂಪು ಕಡ್ಡಿಯನ್ನು ಸೆಲ್ಲಿನ ಮೂಗಿಗೆ, ಕರಿ ಕಡ್ಡಿಯನ್ನು ತಳಕ್ಕೆ ಮುಟ್ಟಿಸಿದ. ಒಂದೂವರೆ. ಅದಲು ಬದಲು ಮಾಡಿದ. ಮೈನಸ್ ಒಂದೂವರೆ. ಮೋಹನ್‌ಕುಮಾರ್ ಹೇಳಿದ್ದು ನಿಜವೇ ಆಯಿತು. ಹಾಗಾದರೆ ಇದು ಬೇಕಾದಂತೆ ಬರೆದುಕೊಳ್ಳುವ ವಿದ್ಯೆ, ಇದನ್ನು ನಂಬಿ ಯಾರನ್ನಾದರೂ ಕಳ್ಳನೆನ್ನಬಹುದು ಎನಿಸಿ ಅವನಿಗೆ ಸಿಟ್ಟು ಬಂತು.

“ಸೆಲ್ಲಿಗೆ ಸೂಜಿ ಚುಚ್ತಾ ಕುಂತೀಯಾ, ನೀರು ಕಾದು ತಣ್ಣಗಾಯ್ತು” ಎಂದು ಜಯಲಕ್ಷ್ಮಮ್ಮ ಒಳಗಿನಿಂದ ಕೂಗಿದಳು.

“ಬತ್ತೀನಿ ತಡೀ.”

ಅವನು ಎರಡು ಸೆಲ್ಲುಗಳನ್ನು ಟಾರ್ಚಿನೊಳಗೆ ಕೂರುವ ಹಾಗೆಯೇ ಒಂದರ ತಲೆಯ ಮೇಲೊಂದು ಇಟ್ಟು, ಸೀಳಿದ ಪೈಪಿನ ತುಂಡಿನಲ್ಲಿ ಮಲಗಿಸಿದ. ಎರಡು ತುದಿಗೂ ಕಡ್ಡಿ ಇಟ್ಟರೆ ಮೂರು. ಅದು ಅವನಿಗೂ ಗೊತ್ತಿದ್ದದ್ದೇ. ಆಮೇಲೆ, ಯಾಕೆಂದು ತಿಳಿಯದೆ, ಕರಿ ಕಡ್ಡಿಯನ್ನು ಎರಡೂ ಸೆಲ್ಲು ಕೂಡುವ ನಡುವಿನಲ್ಲಿ ಇಟ್ಟ. ಕೆಂಪು ಕಡ್ಡಿ ಮೇಲಿನ ತುದಿಗೆ. ಒಂದೂವರೆ. ಕರಿ ಕಡ್ಡಿಯನ್ನು ಅಲ್ಲಾಡಿಸದೆ ಕೆಂಪನ್ನು ಕೆಳಗಿನ ತುದಿಗೆ ತಂದ. ಮೈನಸ್ ಒಂದೂವರೆ.

ಬೋರಪ್ಪ ಕೈ ತಡೆದ. ಈ ಸಲ ವೈರು ಅದಲು ಬದಲಾಗಿರಲಿಲ್ಲ. ಕೆಂಪು ಕೆಂಪಿನ ಕೈಯಲ್ಲೇ, ಕರಿ ಕರಿಯ ಕೈಯಲ್ಲೇ ಇತ್ತು. ಹಾಗಾದರೆ ಕೆಳಗಿನ ಸೆಲ್ಲು ಸತ್ತಿದೆಯೇ? ಟಾರ್ಚಿನ ಬಲ್ಬು ತೆಗೆದು, ತಂತಿ ಸುತ್ತಿ, ಮೇಲಿನ ಸೆಲ್ಲಿಗೆ ಹಿಡಿದ. ಮಂಕಾಗಿ ಉರಿಯಿತು. ಕೆಳಗಿನದಕ್ಕೆ ಹಿಡಿದ. ಅಷ್ಟೇ ಉರಿಯಿತು, ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ. ಮೈನಸ್ ತೋರಿಸಿದ ಸೆಲ್ಲಿನಲ್ಲೂ ಇರುವುದು ತುಂಬಿದ ಶಕ್ತಿಯೇ. ಅದರ ತಳ, ಕರಿ ಕಡ್ಡಿ ನಿಂತ ಜಾಗಕ್ಕಿಂತ ಕೆಳಗಿದೆ ಎಂದಷ್ಟೇ ಮೀಟರು ಹೇಳುತ್ತಿತ್ತು.

ಇಪ್ಪತ್ತರ ಹುಡುಗನಾಗಿದ್ದಾಗ ಅವನು ಹೇಮಾವತಿ ನಾಲೆಯ ಸರ್ವೆಯಲ್ಲಿ ಅಳತೆಕೋಲು ಹಿಡಿಯುತ್ತಿದ್ದ. ಸರ್ವೆಯವರು ಒಂದು ಬಂಡೆಯ ಮೇಲೆ ಬಾಣದ ಗುರುತು ಕೆತ್ತಿ, ಇದು ಸೊನ್ನೆ ಎನ್ನುತ್ತಿದ್ದರು. ದಿಬ್ಬ ಎರಡಡಿ ಮೇಲೆ, ಗದ್ದೆ ಮೂರಡಿ ಕೆಳಗೆ. ಗದ್ದೆಗೆ ಮೈನಸ್ ಮೂರು ಎಂದು ಬರೆದರೆ ಗದ್ದೆಯೇ ಇಲ್ಲ ಎಂದು ಯಾರೂ ಅಂದಿರಲಿಲ್ಲ. ಗುರುತನ್ನು ಕೆರೆಯ ತಳದಲ್ಲಿ ಕೆತ್ತಿದ್ದರೆ ಅದೇ ಗದ್ದೆ ಪ್ಲಸ್ ಆಗುತ್ತಿತ್ತು. ಗದ್ದೆ ಮಾತ್ರ ಇದ್ದಲ್ಲೇ ಇರುತ್ತಿತ್ತು, ನೀರು ಹರಿಯುವ ದಿಕ್ಕೂ ಬದಲಾಗುತ್ತಿರಲಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ. ಕರಿ ವೈರು ಎಲ್ಲಿ ನಿಂತಿದೆ? ಅದನ್ನು ಹೇಳದೆ ಇಷ್ಟು ವೋಲ್ಟು ಎನ್ನುವವನನ್ನು ನಂಬಬಾರದು. ಅನುಮಾನಕ್ಕೆ ಕೊನೆಗೂ ಒಂದು ಸರಿಯಾದ ಹಿಡಿ ಸಿಕ್ಕಿದ ಹಾಗಾಯಿತು ಬೋರಪ್ಪನಿಗೆ.

ಬುಧವಾರ ಪ್ರತಿಭಾ ಮತ್ತೆ ಬಂದಾಗ ಅವನು ನಮಸ್ಕಾರವನ್ನೂ ಹೇಳದೆ ಕೇಳಿದ.

“ನಿಮ್ಮ ಕರೀ ವೈರು ಯಾವ ಲೆಕ್ಕ ಮೇಡಂ? ಆ ನೀಲಿ ನೀರೇ ಸೊನ್ನೆಯಾ?”

ಅವಳು ಅವನನ್ನು ಹೊಸಬನನ್ನು ನೋಡುವಂತೆ ನೋಡಿದಳು. “ನಾಲ್ಕು ವರ್ಷ ಕಾಲೇಜಲ್ಲಿ ಓದಿದೋರೂ ಇದನ್ನ ಕೇಳಲ್ಲ” ಎಂದು ಬದುವಿನ ಮೇಲೆ ಕೂತಳು. “ಹೌದು. ಮಣ್ಣಿನ ಪರವಾಗಿ ಆ ಕೊಳವೆ ನಿಲ್ಲುತ್ತೆ. ಅದನ್ನ ಸೊನ್ನೆ ಅಂತ ಎಲ್ಲರೂ ಒಪ್ಪಿಕೊಂಡಿದ್ದೀವಿ, ಇಲ್ಲಿಂದ ಮಂಗಳೂರಿನವರೆಗೂ. ಕಬ್ಬಿಣ ತುಕ್ಕು ಹಿಡಿಯೋದು ಅಂದ್ರೆ ಏನು ಹೇಳಿ? ಕಬ್ಬಿಣದಿಂದ ಕರೆಂಟು ಮಣ್ಣಿಗೆ ಇಳಿದು ಹೋಗ್ತಾ ಇರೋದು. ಹೋಗೋ ಜಾಗದಲ್ಲಿ ಕಬ್ಬಿಣವೂ ಕರಗ್ತಾ ಹೋಗುತ್ತೆ. ಅದಕ್ಕೆ ನಾವು ಒಂದು ಯಂತ್ರ ಇಟ್ಟು ಪೈಪನ್ನ ಮಣ್ಣಿಗಿಂತ ಕೆಳಗೆ ತಳ್ಳಿ ಇಟ್ಟಿದ್ದೀವಿ. ಆಗ ಕರೆಂಟು ಮಣ್ಣಿಂದ ಪೈಪಿನ ಕಡೆಗೇ ಬರುತ್ತೆ.”

“ಅಂದ್ರೆ ಮೈನಸ್ಸು ಜಾಸ್ತಿ ಇದ್ರೆ ಪೈಪು ಆಳ್ದಲ್ಲಿದೆ, ಕ್ಸೇಮ.”

“ಅತಿಯಾಗಬಾರದು. ಆದ್ರೆ ಮೈನಸ್ ಸೊನ್ನೆ ಪಾಯಿಂಟ್ ಎಂಬತ್ತೈದಾದ್ರೂ ಇರಲೇಬೇಕು.”

“ಮೂವತ್ತೇಳ್ರಲ್ಲಿ ಅರವತ್ತೆರಡು. ಮೇಲಕ್ಕೆ ಬಂದ್ಬುಟ್ಟೈತೆ.”

“ಬರೀ ಕಬ್ಬಿಣದ ತುಂಡನ್ನ ಮಣ್ಣಲ್ಲಿ ಹೂತಿಟ್ರೆ ಅದು ತಾನಾಗೇ ಅಷ್ಟು ತೋರಿಸುತ್ತೆ ಬೋರಪ್ಪ. ಅಂದ್ರೆ ನಮ್ಮ ರಕ್ಷಣೆ ಇಲ್ಲಿ ತಲುಪ್ತಾ ಇಲ್ಲ. ಪೈಪಿನ ಮೇಲಿನ ಲೇಪ ಕಿತ್ತಿರಬಹುದು. ಏನಾದ್ರೂ ಲೋಹ ತಾಗಿರಬಹುದು. ಯಾರಾದ್ರೂ ತೂತು ಹಾಕಿ ಕೊಳವೆ ಬೆಸೆದಿದ್ರೂ ಹೀಗೇ ಆಗುತ್ತೆ.”

ಕೊನೆಯ ಮಾತು ಬೋರಪ್ಪನ ತಲೆಯಲ್ಲಿ ಕೂತುಬಿಟ್ಟಿತು. ಮೀಟರು ಸುಳ್ಳಲ್ಲವೆಂದರೆ ನೆಲದೊಳಗೆ ಏನೋ ಆಗಿದೆ. ರುದ್ರಯ್ಯನವರ ಶೆಡ್ಡು ಎದ್ದದ್ದು ಇದೇ ಬೇಸಿಗೆಯಲ್ಲಿ. ನೀಲಿ ಡ್ರಮ್ಮುಗಳು ಇಳಿದದ್ದನ್ನು ಅವನೇ ನೋಡಿ ಬರೆದುಕೊಂಡಿದ್ದ. ರಾಗಿ ಬೆಳೆಯುವವನಿಗೆ ಡ್ರಮ್ಮು ಏತಕ್ಕೆ, ಬೀಗ ಏತಕ್ಕೆ?

ಮಧ್ಯಾಹ್ನ ರುದ್ರಯ್ಯನವರು ಊಟಕ್ಕೆ ಹೋಗುವ ಹೊತ್ತು ನೋಡಿ ಹೋದ. ಅಂದು ಚಿಲಕ ಮಾತ್ರ ಹಾಕಿತ್ತು. ಒಳಗೆ ಸಾಲಾಗಿ ಆರು ಡ್ರಮ್ಮು. ಒಂದರ ಮುಚ್ಚಳ ಎತ್ತಿ ಮೂಗು ಒಡ್ಡಿದ. ಡೀಸೆಲ್ಲಿನ ವಾಸನೆಗೆ ಸಿದ್ಧವಾಗಿದ್ದ ಮೂಗಿಗೆ ಗಂಜಲ, ಸಗಣಿ, ಕೊಳೆತ ಬೆಲ್ಲದ ಘಾಟು ರಪ್ಪನೆ ಬಡಿಯಿತು. ಬೆಳೆಗೆ ಹಾಕುವ ಜೀವಾಮೃತ. ಎರಡನೆಯದೂ ಅದೇ. ಮೂರನೆಯದರ ಮುಚ್ಚಳಕ್ಕೆ ಕೈ ಹಾಕಿದಾಗ ಬಾಗಿಲಲ್ಲಿ ನೆರಳು ಬಿತ್ತು.

ರುದ್ರಯ್ಯನವರಿಗೆ ಅರವತ್ತು ದಾಟಿತ್ತು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಮರೆತುಹೋಗಿದ್ದ ಬೀಗ. ಬೈದು ಅಭ್ಯಾಸವಿಲ್ಲದ ಮನುಷ್ಯ.

“ಏನ್ ಹುಡುಕ್ತಾ ಇದ್ದೀಯ ಬೋರಪ್ಪ?”

“ಏನಿಲ್ಲ. ವಾಸ್ನೆ ಬಂತು, ನೋಡ್ವಾ ಅಂತ.”

“ಪೈಪಿನ ಎಣ್ಣೆ ತುಂಬಿಸ್ಕಂಡಿದ್ದೀನಿ ಅನ್ಕಂಡ್ಯಾ?”

ಬೋರಪ್ಪ ಅಲ್ಲವೆನ್ನಲಿಲ್ಲ. ಮುಚ್ಚಳದ ಮೇಲಿದ್ದ ಕೈ ಹಿಂದಕ್ಕೆ ತೆಗೆದ. ರುದ್ರಯ್ಯನವರು ಉಳಿದ ನಾಲ್ಕು ಡ್ರಮ್ಮುಗಳ ಮುಚ್ಚಳವನ್ನೂ ತಾವೇ ಒಂದೊಂದಾಗಿ ತೆಗೆದರು. “ನೋಡು. ಚೆನ್ನಾಗಿ ನೋಡು. ಆರು ವರ್ಷದಿಂದ ನನ್ನ ಹೊಲ ತುಳ್ಕಂಡು ಓಡಾಡ್ತಾ ಇದ್ದೀಯ, ಒಂದಿನ ಬೇಡ ಅಂದಿದ್ದೀನಾ? ಇನ್ನು ಬದುವಿನ ಮೇಲೆ ಸುತ್ತಿ ಹೋಗು. ಬೆಳೆ ಮೇಲೆ ಕಾಲಿಡಬೇಡ.”

ಬೋರಪ್ಪ ತಲೆ ಎತ್ತದೆ ಹೊರಬಂದ. ನಾಚಿಕೆಯಾಯಿತು. ಆದರೂ ದಾರಿಯಲ್ಲಿ ಒಂದು ಯೋಚನೆ ಬಿಡಲಿಲ್ಲ. ಇವರೂ ಅಲ್ಲದಿದ್ದರೆ ಮತ್ತೆ ಏನು? ಯಾವಾಗಿನಿಂದ?

ಆ ಯಾವಾಗಿನಿಂದ ಎಂಬ ಮಾತೇ ಅವನನ್ನು ಆಫೀಸಿಗೆ ಕರೆದೊಯ್ದಿತು. ಹಿಂದಿನ ಅಳತೆಗಳ ರಿಜಿಸ್ಟರ್ ತೋರಿಸಿ ಎಂದು ಪ್ರತಿಭಾಳನ್ನು ಕೇಳಿದ. ಅವಳು ಪುಟ ತಿರುಗಿಸಿ ಕೊಟ್ಟಳು. ಮೂವತ್ತೇಳನೇ ಕಂಬ, ನಾಲ್ಕು ವರ್ಷದಲ್ಲಿ ಎಂಟು ಅಳತೆ. ಮೈನಸ್ 1.12. ಮೈನಸ್ 1.12. ಮೈನಸ್ 1.12. ಎಂಟೂ ಅದೇ.

“ನೆಲ ಒಣಗಿದ್ದಾಗ ಒಂದು, ಒದ್ದೆ ಇದ್ದಾಗ ಒಂದು ಬರ್ಬೇಕಲ್ವಾ ಮೇಡಂ? ನೀವು ನೀರು ಉಯ್ದಾಗ್ಲೇ ಒಂದು ಚೂರು ಅಲ್ಲಾಡ್ತಿತ್ತು.”

“ಬರಬೇಕು” ಎಂದಳು ಅವಳು, ಬಹಳ ನಿಧಾನವಾಗಿ.

ಬೋರಪ್ಪ ಚೀಲದಿಂದ ತನ್ನ ಉದ್ದ ನೋಟ್‌ಬುಕ್ಕು ತೆಗೆದ. ರಿಜಿಸ್ಟರಿನ ತಾರೀಖು ಅವಳು ಓದಿದಳು, ದಿನಚರಿಯ ಪುಟ ಅವನು ಹುಡುಕಿದ. ಕಳೆದ ಮೇ ತಿಂಗಳು: “ಮೋಹನಣ್ಣ ಬಂದರು. 35ರ ಹೊಂಗೆಮರದ ಕೆಳಗೆ ಕೂತು ಬರೆದರು. ವಾಪಸ್ಸು.” ಅದಕ್ಕೂ ಹಿಂದಿನ ನವೆಂಬರು: “ಮೋಹನಣ್ಣ. 35ವರೆಗೆ.” ಹೀಗೆ ಏಳು ಸಲ. ಎಲ್ಲಕ್ಕಿಂತ ಮೊದಲನೆಯದು, ನಾಲ್ಕು ವರ್ಷದ ಹಿಂದಿನದು ಮಾತ್ರ ಬೇರೆ ಇತ್ತು: “ಮೋಹನಣ್ಣ 37ರಲ್ಲಿ ಅರ್ಧ ಗಂಟೆ ಕೂತಿದ್ದರು. ಮೀಟರು ಮೂರು ನಾಲ್ಕು ಸಲ ಇಟ್ಟರು. ಏನೂ ಹೇಳಲಿಲ್ಲ.”

ಪ್ರತಿಭಾ ಆ ಸಾಲನ್ನು ಎರಡು ಸಲ ಓದಿದಳು. ಅವಳು ಅಂದೇ ಮೇಲಿನವರಿಗೆ ಬರೆದಳು.

ಅಗೆಯುವ ಮುಂಚೆ ಎಲ್ಲಿ ಅಗೆಯಬೇಕೆಂದು ಗೊತ್ತಾಗಬೇಕಿತ್ತು. ಶುಕ್ರವಾರ ಅವಳು ಕಂಬದ ತಂತಿಗೆ ಉದ್ದನೆಯ ವೈರು ಕಟ್ಟಿ ಮೀಟರು ಹಿಡಿದುಕೊಂಡಳು. ಬೋರಪ್ಪ ನೀಲಿ ನೀರಿನ ಕೊಳವೆ ಹಿಡಿದು ಕಂಬಕ್ಕೆ ಸಾಕಷ್ಟು ಹಿಂದಿನಿಂದ ಶುರುಮಾಡಿ ಪೈಪಿನ ಜಾಡಿನಲ್ಲಿ ಐದೈದು ಹೆಜ್ಜೆಗೆ ಊರುತ್ತಾ ಹೋದ. ಒಂದು ಸೊನ್ನೆ ಎಂಟು, ತೊಂಬತ್ತೇಳು, ಎಂಬತ್ತೊಂದು ಎಂದು ಅವಳು ಹಿಂದಿನಿಂದ ಕೂಗುತ್ತಿದ್ದಳು. ಪ್ರತಿ ಸಂಖ್ಯೆಗೂ ಅವನಿಗೆ ಪೈಪು ನೆಲದೊಳಗಿನಿಂದ ಮೇಲಕ್ಕೆ ಏಳುತ್ತಿರುವಂತೆ, ಸುರಕ್ಷಿತವಾದ ಆಳದಿಂದ ಅಪಾಯದ ಮಟ್ಟಕ್ಕೆ ಬರುತ್ತಿರುವಂತೆ ಅನಿಸುತ್ತಿತ್ತು. ಪೈಪು ಇದ್ದಲ್ಲೇ ಇತ್ತು, ಅದು ಅವನಿಗೂ ಗೊತ್ತು. ಅರವತ್ತಾರು. ಐವತ್ತೆಂಟು. ಆಮೇಲೆ ಎಪ್ಪತ್ತು. ಹಿಂದಕ್ಕೆ ಬಂದು ಐವತ್ತೆಂಟರ ಜಾಗದಲ್ಲಿ ಅವನು ಒಂದು ಕಲ್ಲು ಇಟ್ಟ. ಅದು ಶೆಡ್ಡಿನ ಹತ್ತಿರವಿರಲಿಲ್ಲ. ಶೆಡ್ಡಿನಿಂದ ಬದುವಿನ ಕಡೆಗೆ ಹದಿನೈದು ಮಾರು ದೂರದಲ್ಲಿ, ಕಂಬದ ಹತ್ತಿರವೇ ಇತ್ತು.

ಅಗೆಯುವ ದಿನ ನಾಲ್ಕಡಿಯವರೆಗೆ ಯಂತ್ರ, ಆಮೇಲೆ ಕೈಗುದ್ದಲಿ. ರುದ್ರಯ್ಯನವರು ದೂರದಲ್ಲಿ ನಿಂತು ನೋಡುತ್ತಿದ್ದರು. ಮೋಹನ್‌ಕುಮಾರನನ್ನೂ ಕರೆಸಿದ್ದರು. ಅವನು ಯಾರನ್ನೂ ಅಣ್ಣ ಎನ್ನದೆ ಬೈಕಿಗೆ ಒರಗಿ ನಿಂತಿದ್ದ.

ಗುದ್ದಲಿ ಠಣ್ಣೆಂದಿತು. ಎಣ್ಣೆ ಪೈಪು ಇನ್ನೂ ಕೆಳಗಿತ್ತು. ಮಣ್ಣು ಬಿಡಿಸಿದಾಗ ಕಂಡದ್ದು ಅದಕ್ಕೆ ಅಡ್ಡವಾಗಿ ಮಲಗಿದ್ದ, ತುಕ್ಕು ಹಿಡಿದ ನಾಲ್ಕಂಗುಲದ ಹಳೆಯ ನೀರಿನ ಪೈಪು. ಅದರ ಕತ್ತರಿಸಿದ ಬಾಯಿಯ ಅಂಚು ಎಣ್ಣೆ ಪೈಪಿನ ಲೇಪವನ್ನು ಸೀಳಿಕೊಂಡು ಉಕ್ಕಿಗೇ ಕೂತಿತ್ತು. ಇನ್ನೊಂದು ತುದಿ ಹೊಲದ ಆ ಬದಿಯ ಹಾಳುಬಾವಿಯ ದಿಕ್ಕಿನಲ್ಲಿ ಮಣ್ಣೊಳಗೆ ಉದ್ದಕ್ಕೂ ಹೋಗಿತ್ತು. ಪೈಪಿಗೆಂದು ಕಳಿಸಿದ ರಕ್ಷಣೆಯನ್ನೆಲ್ಲ ಈ ಹಳೆಯ ಕಬ್ಬಿಣವೇ ಹೀರುತ್ತಿತ್ತು.

“ಇದು ನಮ್ಮಪ್ಪನ ಕಾಲದ್ದು” ಎಂದರು ರುದ್ರಯ್ಯನವರು, ಗುಂಡಿಯ ಅಂಚಿಗೆ ಬಂದು. “ಬಾವಿಯಿಂದ ಮೇಲಿನ ಹೊಲಕ್ಕೆ ನೀರು ಏರಿಸ್ತಿದ್ರು. ಎಣ್ಣೆ ಪೈಪು ಹೂಳೋಕೆ ಬಂದೋರು ಇದನ್ನ ಕತ್ತರಿಸಿದ್ರಂತೆ. ಕಿತ್ತು ಹಾಕಿದ್ದಾರೆ ಅಂತಲೇ ನಾನು ತಿಳ್ಕಂಡಿದ್ದೆ.”

ಬೋರಪ್ಪ ಅಭ್ಯಾಸಬಲದಿಂದ ಅವರ ಮುಖ ನೋಡಿದ. ಸುಳ್ಳಿನ ಗೆರೆ ಎಲ್ಲಾದರೂ ಇದೆಯೇ ಎಂದು ಹುಡುಕಿದ. ಇರಲಿಲ್ಲ. ಹಾಗೆ ಹುಡುಕಿದ್ದನ್ನು ಅವರೂ ಕಂಡರು. ಅವನು ಕಣ್ಣು ತಗ್ಗಿಸಿದ.

ಹಳೆಯ ಕಬ್ಬಿಣ ಎತ್ತಿದ ಮೇಲೆ ಪ್ರತಿಭಾ ಗುಂಡಿಗಿಳಿದು ಉಕ್ಕನ್ನು ಬಟ್ಟೆಯಿಂದ ಒರೆಸಿದಳು. ಹೆಬ್ಬೆರಳು ಹುದುಗುವಷ್ಟು ಅಗಲದ ಕುಳಿ. ಅವಳು ಅದರ ಆಳವನ್ನು ಎರಡು ಸಲ ಅಳೆದು ನೋಡಿದಳು. “ಅರ್ಧಕ್ಕಿಂತ ಜಾಸ್ತಿ ತಿಂದಿದೆ” ಎಂದಳು. “ಇನ್ನೊಂದೆರಡು ಮಳೆಗಾಲ ಸಾಕಾಗ್ತಿತ್ತು.”

ರಾಗಿ ಹೊಲದಲ್ಲಿ ಎಣ್ಣೆ ಚಿಮ್ಮಿದ್ದರೆ, ಯಾರೋ ಬೀಡಿ ಹಚ್ಚಿದ್ದರೆ, ಎಂದು ಯೋಚಿಸುವುದನ್ನು ಬೋರಪ್ಪ ಅರ್ಧಕ್ಕೇ ನಿಲ್ಲಿಸಿದ.

ಮೋಹನ್‌ಕುಮಾರ್ ಯಾರೂ ಕೇಳುವ ಮುಂಚೆಯೇ ಬಾಯಿಬಿಟ್ಟ. “ಮೊದಲ್ನೇ ಸಲ ಸೊನ್ನೆ ಎಂಬತ್ತು ಬಂತು. ನೆಲ ಒಣಗೈತೆ ಅದ್ಕೇ ಅಂತ ಅನ್ಕಂಡೆ. ಬರುದ್ರೆ ಯಾಕೆ ಏನು ಅಂತ ನೂರು ಕೇಳ್ತಾರೆ ಅಂತ ಪಕ್ಕದ ಕಂಬದ್ದು ಬರ್ದೆ. ಮುಂದಿನ್ ಸಲ ನಿಜ ಬರುದ್ರೆ ಮೊದ್ಲಿಂದು ಸುಳ್ಳು ಅಂತ ಗೊತ್ತಾಗ್ತಿತ್ತು. ಆಮೇಕೆ ಅಲ್ಲಿಗೋಗಾಕೇ ಭಯ ಆಗೋದು.” ಅವನು ಬೋರಪ್ಪನ ಕಡೆ ತಿರುಗಿದ. “ನಿನ್ನ ಮೇಲೆ ಆಕ್ಬೇಕು ಅಂತಿರ್ಲಿಲ್ಲ ಬೋರಣ್ಣ.”

ಇದ್ದಿರಬಹುದು, ಇಲ್ಲದಿರಬಹುದು. ಇಷ್ಟು ದಿನ ಅನುಮಾನಿಸಿದ ಮನುಷ್ಯ ತಪ್ಪಿತಸ್ಥನೆಂದು ಸಾಬೀತಾದಾಗ ಬೋರಪ್ಪನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ತಿಂಗಳೇ ಗುತ್ತಿಗೆದಾರರು ಮೋಹನ್‌ಕುಮಾರನನ್ನು ಕೆಲಸದಿಂದ ತೆಗೆದರು.

ವಾರದೊಳಗೆ ಆ ಜಾಗಕ್ಕೆ ಉಕ್ಕಿನ ಕವಚ ತೊಡಿಸಿ, ಹೊಸ ಲೇಪ ಬಳಿದು, ಮಣ್ಣು ಮುಚ್ಚಿದರು. ಅಳತೆ ತೆಗೆಯುವಾಗ ಪ್ರತಿಭಾ ಮೀಟರನ್ನು ಬೋರಪ್ಪನ ಕೈಗೆ ಕೊಟ್ಟಳು. ಅವನು ಕರಿ ವೈರು ಎಲ್ಲಿದೆ ಎಂದು ನೋಡಿ, ಕೆಂಪು ವೈರು ಎಲ್ಲಿದೆ ಎಂದು ನೋಡಿ, ಆಮೇಲೆ ಸಂಖ್ಯೆ ಓದಿದ. ಮೈನಸ್ ಒಂದು ಪಾಯಿಂಟ್ ಸೊನ್ನೆ ಒಂಬತ್ತು. ತನ್ನ ಹಳದಿ ಮೀಟರಿನಲ್ಲೂ ಒಮ್ಮೆ ನೋಡಲೇ ಎಂದು ಕೇಳಿದ. ಅವಳು ನಕ್ಕು ಆಗಲಿ ಎಂದಳು. ಅದೂ ಅಷ್ಟೇ ತೋರಿಸಿತು. ಅಂದಿನಿಂದ ಆ ಎಂಟು ಕಿಲೋಮೀಟರಿನ ಅಳತೆಗೆ ಅವಳು ಬಂದಾಗಲೆಲ್ಲ ಓದುವವನು ಅವನು, ಬರೆಯುವವಳು ಅವಳು.

ಒಂದು ಸಂಜೆ ಬೋರಪ್ಪ ರುದ್ರಯ್ಯನವರ ಶೆಡ್ಡಿನ ಮುಂದೆ ಹೋಗಿ ನಿಂತ. ಅವರು ಡ್ರಮ್ಮಿನಲ್ಲಿ ಕೋಲಾಡಿಸುತ್ತಿದ್ದರು.

“ತಪ್ಪಾಯ್ತು ಸ್ವಾಮಿ.”

“ಮುಚ್ಚಳ ತೆಗೆದಿದ್ದಕ್ಕೆ ಬೇಜಾರಿಲ್ಲ ಬೋರಪ್ಪ. ನನ್ನನ್ನೇ ಕೇಳಬಹುದಿತ್ತಲ್ಲ.”

ಬೋರಪ್ಪ ಡ್ರಮ್ಮಿನ ಕಡೆ ನೋಡುತ್ತಾ ಹೇಳಿದ. “ಕೇಳಿದ್ರೆ ನೀವು ನಿಜಾನೇ ಏಳ್ತಿದ್ರಿ. ನಾನ್ ನಂಬ್ತಿರ್ಲಿಲ್ಲ.”

ರುದ್ರಯ್ಯನವರು ಕೋಲು ನಿಲ್ಲಿಸಿ ಅವನನ್ನು ನೋಡಿದರು. ನಗಬಹುದು ಅನ್ನಿಸಿತು, ನಗಲಿಲ್ಲ. “ಅದನ್ನಾದ್ರೂ ಒಪ್ಕಂಡ್ಯಲ್ಲ” ಎಂದು ಮತ್ತೆ ಕೋಲಾಡಿಸತೊಡಗಿದರು.

ರಾಗಿ ಕೊಯ್ಲಾಗಿ ಹೊಲ ಬಯಲಾದ ಮೇಲೂ ಬೋರಪ್ಪ ಬದುವಿನ ಮೇಲೆ ಸುತ್ತಿಕೊಂಡೇ ಹೋಗುತ್ತಾನೆ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ರುದ್ರಯ್ಯನವರು ಹೊಲದೊಳಗೆ ಬಾ ಎಂದು ಕರೆದಿಲ್ಲ, ಅವನೂ ಕೇಳಿಲ್ಲ. ಎದುರಿಗೆ ಸಿಕ್ಕರೆ ಇಬ್ಬರೂ ನಿಂತು ಮೋಡದ ಬಗ್ಗೆಯೋ ಹುರುಳಿಯ ಬಗ್ಗೆಯೋ ನಾಲ್ಕು ಮಾತಾಡಿ, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ.